‘ಎವೆದ್’: ದೇವರ ದಾಸನ ಕಿವಿಗೆ ತೂತೇಕೆ?

ಕನ್ನಡ ಬೈಬಲಿನಲ್ಲಿ ‘ದಾಸ’ ಎಂದು ಓದಿದಾಗಲೆಲ್ಲ ನನ್ನ ಕಣ್ಣೆದುರು ತಂಬೂರಿ ಹಿಡಿದ ಹರಿದಾಸರು ಬಂದು ನಿಲ್ಲುತ್ತಿದ್ದರು. ಅವರನ್ನು ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂರಿಸಿ ಹೀಬ್ರೂ ಪದಕ್ಕೆ ಬರೋಣ. ಜೀತದಾಳು, ಅರಸನ ಅಧಿಕಾರಿ, ದೇವರ ಸೇವಕ, ಮೂವರೂ ಅಲ್ಲಿ ‘ಎವೆದ್’. ಅದೇ ಧಾತುವಿನ ‘ಅವೋದಾ’ ದುಡಿಮೆಯೂ ಹೌದು, ಆರಾಧನೆಯೂ ಹೌದು.

ನಾನು ಎಡವಿದ್ದು ಇಲ್ಲಿಯೇ. ಬೈಬಲಿನ ವಿಮೋಚನಕಾಂಡ 1:14ರಲ್ಲಿ ಐಗುಪ್ತದವರು (ಈಜಿಪ್ಟಿನವರು) ಇಸ್ರಾಯೇಲರಿಂದ ಮಣ್ಣು, ಇಟ್ಟಿಗೆಗಳಲ್ಲಿ ಮಾಡಿಸಿದ ದುಡಿತಕ್ಕೂ, 7:16ರಲ್ಲಿ ದೇವರು ಐಗುಪ್ತದ ಅರಸ ಫರೋಹನಿಗೆ ಹೇಳಿಸುವ ‘ನನ್ನ ಜನರು ನನ್ನನ್ನು ಸೇವಿಸುವಂತೆ ಅವರನ್ನು ಕಳುಹಿಸು’ ಎಂಬ ಮಾತಿನ ಸೇವೆಗೂ ಧಾತು ಒಂದೇ. ಹಾಗಾದರೆ ಫರೋಹನ ಕೈಯಿಂದ ಬಿಡಿಸಿ ಇನ್ನೊಬ್ಬ ಯಜಮಾನನಿಗೆ ಒಪ್ಪಿಸಿದಂತಾಯಿತಲ್ಲ? ಎರಡು ದಿನ ಇದೇ ಗುಂಗು. ಗಂಟು ಬಿಚ್ಚಿದ್ದು ಯಾಜಕಕಾಂಡ 25:42: ಐಗುಪ್ತದಿಂದ ನಾನು ಕರೆತಂದ ಇವರು ನನ್ನ ದಾಸರು, ಇವರನ್ನು ಗುಲಾಮರಂತೆ ಮಾರಬಾರದು. ಅಂದರೆ ದೇವರ ಆಳಾದವನನ್ನು ಮತ್ತೊಬ್ಬ ಕೊಳ್ಳುವಂತಿಲ್ಲ. ಬಡತನದಿಂದ ತನ್ನನ್ನೇ ಮಾರಿಕೊಂಡವನನ್ನು ಕೂಲಿಯವನಂತೆ ನಡೆಸಿಕೊಂಡು, ಐವತ್ತನೆಯ ವರ್ಷವಾದ ಜೂಬಿಲಿಯಲ್ಲಿ, ಅಂದರೆ ಬಿಡುಗಡೆಯ ವರ್ಷದಲ್ಲಿ, ಮಕ್ಕಳೊಂದಿಗೆ ಮನೆಗೆ ಕಳುಹಿಸಬೇಕು. (ಈ ರಕ್ಷಣೆ ಇಸ್ರಾಯೇಲರಿಗಷ್ಟೇ. 25:44ರಲ್ಲಿ ಅನ್ಯಜನರನ್ನು ಕೊಳ್ಳಲು ಅನುಮತಿ ಇದೆ. ಆ ವಚನವನ್ನು ಹಾರಿಸಿ ಓದಬೇಡಿ, ನಾನು ಮೊದಲು ಹಾರಿಸಿದ್ದೆ.)

ಈಗ ಕಿವಿ. ವಿಮೋಚನಕಾಂಡ 21ರ ಪ್ರಕಾರ ಇಬ್ರಿಯ (ಇಸ್ರಾಯೇಲ) ದಾಸನಿಗೆ 6 ವರ್ಷ ದುಡಿತ, 7ನೆಯ ವರ್ಷ ಬಿಡುಗಡೆ. ಆದರೆ ಯಜಮಾನನೇ ಮದುವೆ ಮಾಡಿಸಿದ್ದರೆ ಹೆಂಡತಿ, ಮಕ್ಕಳು ಯಜಮಾನನ ಪಾಲು. ಅವನು ಒಬ್ಬನೇ ಹೊರಡಬೇಕು. ‘ಯಜಮಾನನನ್ನೂ ಹೆಂಡತಿ ಮಕ್ಕಳನ್ನೂ ಪ್ರೀತಿಸುತ್ತೇನೆ, ಹೋಗುವುದಿಲ್ಲ’ ಎಂದರೆ ಅವನನ್ನು ಬಾಗಿಲ ಬಳಿ ನಿಲ್ಲಿಸಿ ಕಿವಿಯನ್ನು ದಬ್ಬಳದಿಂದ ಚುಚ್ಚುತ್ತಾರೆ. ಇದನ್ನು ಭಕ್ತಿಯ ಗುರುತೆಂದು ಪ್ರಸಂಗಗಳಲ್ಲಿ ಕೇಳಿದ್ದೆ, ಹಾಗೆಯೇ ಬರೆದುಕೊಂಡಿದ್ದೆ. ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ ರಬ್ಬಿ (ಗುರು) ಯೋಹಾನಾನ್ ಬೆನ್ ಝಕ್ಕಾಯ್ ಅದನ್ನು ತಿರುಗಿಸಿಬಿಡುತ್ತಾರೆ. ಕಿವಿಯೇ ಏಕೆ? ದೇವರು ಧರ್ಮಶಾಸ್ತ್ರ ಕೊಟ್ಟ ಸೀನಾಯಿ ಬೆಟ್ಟದಲ್ಲಿ ‘ಇಸ್ರಾಯೇಲರು ನನ್ನ ದಾಸರು’ ಎಂಬುದನ್ನು ಕೇಳಿಸಿಕೊಂಡ ಕಿವಿ ಅದು; ಆದರೂ ಇವನು ಹೋಗಿ ಇನ್ನೊಬ್ಬ ಒಡೆಯನನ್ನು ಮಾಡಿಕೊಂಡ, ಅದಕ್ಕೇ ಅದು ಚುಚ್ಚಿಸಿಕೊಳ್ಳಲಿ! ಒಪ್ಪುತ್ತೇನೆ, ಆದರೆ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಲಾರದವನ ಮೇಲೆ ನನಗಿನ್ನೂ ಮರುಕವಿದೆ. ಹೊರಟವನನ್ನೂ ಬರಿಗೈಯಲ್ಲಿ ಕಳುಹಿಸಬಾರದು: ಹಿಂಡಿನಿಂದ, ಕಣದಿಂದ, ದ್ರಾಕ್ಷಿ ಆಲೆಯಿಂದ ಧಾರಾಳವಾಗಿ ಕೊಡಬೇಕು (ಧರ್ಮೋಪದೇಶಕಾಂಡ 15:14).

ಉಳಿದದ್ದು ಬೇಗ. ಯೆಹೋಶುವನ ಗ್ರಂಥ ಶುರುವಾಗುವಾಗ ಮೋಶೆ ‘ಯೆಹೋವನ ದಾಸ’, ಯೆಹೋಶುವ ಬರೀ ಮೋಶೆಯ ಸಹಾಯಕ. ಅವನಿಗೆ ಅದೇ ಬಿರುದು ಸಿಗುವುದು ಸಾವಿನ ಸುದ್ದಿಯಲ್ಲಿ (24:29). ಯೆರೆಮೀಯ 25:9ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನೂ ‘ನನ್ನ ದಾಸ’, ಆದ್ದರಿಂದ ಈ ಹೆಸರನ್ನು ನಡತೆಯ ಪ್ರಮಾಣಪತ್ರವೆಂದು ಓದಲಾಗದು. ಯೆಶಾಯ 50:4ರ ಸೇವಕನಲ್ಲಿಯೂ ಮತ್ತೆ ಕಿವಿಯೇ: ದೇವರು ಬೆಳಬೆಳಗ್ಗೆ ಅದನ್ನು ಎಚ್ಚರಗೊಳಿಸುತ್ತಾನೆ, ಕಲಿಯುವವರಂತೆ ಕೇಳಲಿ ಎಂದು. ಅಲ್ಲಿ ದಬ್ಬಳವಿಲ್ಲ.