ಗುಳ್ಳೆ ನಿಂತರೆ ಮುಗೀತಾ?

ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಹಿಟ್ಟು ಮಾಡುವುದನ್ನು ನೋಡಿರುತ್ತೀರಿ. ಮಗುವಿಗೆ ಕುಡಿಸುವ ರಾಗಿ ಮಾಲ್ಟ್. ಮಾಮೂಲಿ ಗಂಜಿಗಿಂತ ತೆಳ್ಳಗೆ, ಸಕ್ಕರೆ ಹಾಕದಿದ್ದರೂ ಚೂರು ಸಿಹಿ. ಮೊಳಕೆಯೊಡೆಯುವ ಕಾಳು ತನ್ನ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡಿಕೊಳ್ಳಲು ಅಮೈಲೇಸ್ ಎಂಬ ಕಿಣ್ವ ತಯಾರಿಸುತ್ತದೆ. ಬಿಯರ್ ಶುರುವಾಗುವುದೂ ಅಲ್ಲಿಂದಲೇ. ರಾಗಿ ಬದಲು ಬಾರ್ಲಿ, ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಿದರೆ ಅಬಕಾರಿ ಕಾಯ್ದೆಯಡಿ ಅಪರಾಧ. ನಾನು ಮಾಡಿದ್ದು ಅಮೆರಿಕದಲ್ಲಿದ್ದಾಗ. ಅಲ್ಲಿ ಮನೆಬಳಕೆಯ ಬಿಯರ್‌ಗೆ ದಾರಿ ಬಿಟ್ಟ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಮಿಸಿಸಿಪ್ಪಿ, ಅಲಬಾಮಾ ರಾಜ್ಯಗಳು ಒಪ್ಪಿಕೊಂಡಿದ್ದಂತೂ 2013ರಲ್ಲಿ!

ಮಾಲ್ಟ್ ಮಾಡಿದ ಬಾರ್ಲಿಯನ್ನು 65ರಿಂದ 67 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಕಿಣ್ವ ತನ್ನ ಕೆಲಸ ಮುಗಿಸುತ್ತದೆ. ಹೊಸಬರಿಗೆ ಇದೂ ಬೇಡ. ಆ ಸಿಹಿನೀರನ್ನೇ ಒಣಗಿಸಿದ ಪುಡಿ ಸಿಗುತ್ತದೆ. ಸುಮಾರು 4 ಲೀಟರಿಗೆ ಅರ್ಧ ಕೆಜಿ ಸಾಕು. ಮೊದಲ ಸಲವೇ 19 ಲೀಟರಿನ ಕಿಟ್ ತಂದು ಕೂರಬೇಡಿ. ಕೆಟ್ಟರೆ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ.

ಪುಡಿ ಕರಗಿಸಿ, ಏಳೆಂಟು ಗ್ರಾಂ ಹಾಪ್ಸ್ ಹಾಕಿ, ಒಂದು ಗಂಟೆ ಕುದಿಸಬೇಕು. ಹಾಪ್ಸ್ ಅಂದರೆ ಒಂದು ಬಳ್ಳಿಯ ಹೂವು. ಒಂದನ್ನು ಬೆರಳಲ್ಲಿ ಉಜ್ಜಿ ನೋಡಿ. ಹಳದಿ ಪುಡಿ ಅಂಟಂಟಾಗಿ ಮೆತ್ತಿಕೊಳ್ಳುತ್ತದೆ. ಕುದಿಯುವಾಗ ಅದರೊಳಗಿನ ಆಮ್ಲಗಳು ರೂಪ ಬದಲಿಸಿ ಕಹಿ ಬಿಡುತ್ತವೆ. ಇಡ್ಲಿ ಹಿಟ್ಟನ್ನು ಹುಳಿ ಮಾಡುವ ಜಾತಿಯ ಬ್ಯಾಕ್ಟೀರಿಯಾಗಳನ್ನು ಆ ಕಹಿ ಹತ್ತಿರ ಬಿಡುವುದಿಲ್ಲ. ಇಡ್ಲಿಗೆ ಬೇಕಾದವರು ಇಲ್ಲಿ ಕಳ್ಳರು.

ಕುದಿಸಿದ್ದನ್ನು ಐಸ್ ನೀರಿನಲ್ಲಿಟ್ಟು ಬೇಗ 20 ಡಿಗ್ರಿಗೆ ಇಳಿಸಬೇಕು. ತಣ್ಣಗಾದ ಮೇಲೆ ಅದಕ್ಕೆ ತಾಗುವ ಚಮಚ, ಪೈಪು, ಜಾಡಿ ಎಲ್ಲಕ್ಕೂ ಸ್ಯಾನಿಟೈಸರ್ ಸ್ನಾನ ಆಗಿರಲೇಬೇಕು. ಪಾತ್ರೆ ಫಳಫಳ ಹೊಳೆದರೆ ಸಾಲದು. ಆಮೇಲೆ ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಬಿಡುವ ಯೀಸ್ಟ್ ಹಾಕಿ, ಗಾಳಿ ಹೊರಗೆ ಹೋಗುವ, ಒಳಗೆ ಬಾರದ ಏರ್‌ಲಾಕ್ ಸಿಕ್ಕಿಸಿ ಬಿಡುವುದು. ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ ಈಗಿನ ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಕಟ್ಟಳೆ ಮಾಡಿದ್ದರು. ಪಟ್ಟಿಯಲ್ಲಿ ಯೀಸ್ಟ್ ಇಲ್ಲ. ಅದೊಂದು ಜೀವಿ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನದೊಳಗೆ ಏರ್‌ಲಾಕ್ ಗುಳುಗುಳು ಅನ್ನತೊಡಗಿತು. ಐದನೇ ದಿನ ಸದ್ದಡಗಿತು. ಮುಗಿಯಿತು ಅಂದುಕೊಂಡೆ. ಗ್ಯಾಸ್ ಏಳಲಿ ಅಂತ ಲೀಟರಿಗೆ 6 ಗ್ರಾಂ ಸಕ್ಕರೆ ಬೆರೆಸಿ, ಬಾಟಲಿಗೆ ತುಂಬಿ, ಮುಚ್ಚಳ ಜಡಿದು, ಹೀಟರ್ ಪಕ್ಕದ ಬಟ್ಟೆ ಕಪಾಟಿನಲ್ಲಿಟ್ಟೆ. ಹತ್ತನೇ ರಾತ್ರಿ ದಬ್ ಅಂತ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸ್ವೆಟರಿನ ಎಳೆಗಳಲ್ಲಿ ಗಾಜಿನ ಚೂರು ಸಿಕ್ಕಿಕೊಂಡಿತ್ತು.

ತಪ್ಪು ನನ್ನದೇ. ಅಡುಗೆಮನೆ ಚಳಿಗೆ ಯೀಸ್ಟ್ ಅರ್ಧ ಕೆಲಸದಲ್ಲೇ ಮಲಗಿತ್ತು, ಬೆಚ್ಚಗಿನ ಕಪಾಟಿನಲ್ಲಿ ಮತ್ತೆ ಎದ್ದಿತು. ಗುಳ್ಳೆ ನಂಬಬಾರದು, ದ್ರವದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ ಹೈಡ್ರೋಮೀಟರ್ ನಂಬಬೇಕು. ಸಕ್ಕರೆ ಕರಗಿದ ನೀರು ದಪ್ಪ, ಕೊಳವೆ ಎತ್ತರಕ್ಕೆ ತೇಲುತ್ತದೆ. ಸಕ್ಕರೆ ಖರ್ಚಾಗಿ ಆಲ್ಕೋಹಾಲ್ ಆದಂತೆಲ್ಲ ಮುಳುಗುತ್ತದೆ. ಬರೀ ನೀರಿಗೆ ಅದರ ಅಂಕಿ 1.000. 1.048ರಲ್ಲಿ ಶುರುವಾದದ್ದು 1.012ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ. 4.7. ಅದು 1.020ರಲ್ಲೇ ನಿಂತಿದ್ದಾಗ ಮುಚ್ಚಳ ಹಾಕಿದರೆ, ಲೀಟರಿಗೆ ಹದಿನೈದು ಗ್ರಾಂಗೂ ಜಾಸ್ತಿ ಸಕ್ಕರೆ ಒಳಗೇ ಉಳಿದಂತೆ. ನಾನು ಹಾಕಿದ 6 ಗ್ರಾಂ ಬೇರೆ. ಗಾಜು ತಡೆಯುತ್ತದಾ?

ಈಗ ಮೂರು ದಿನ ಅದೇ ಅಂಕಿ ಬಂದ ಮೇಲಷ್ಟೇ ಬಾಟಲಿಗೆ ತುಂಬುತ್ತೇನೆ. ಜೊತೆಗೆ ಒಂದು ಖಾಲಿ ಸೋಡಾ ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿಸಿಡುತ್ತೇನೆ. ದಿನಾ ಅದನ್ನು ಹಿಸುಕಿ ನೋಡುವುದು. ಕಲ್ಲಿನ ಹಾಗೆ ಗಟ್ಟಿಯಾದ ದಿನ ಎಲ್ಲವೂ ಫ್ರಿಜ್ಜಿಗೆ.