ಫಿಲ್ಮ್ ಎಳೆಯುವ ಪುಟ್ಟ ಮೋಟಾರುಗಳು

ರೇಂಜ್‌ಫೈಂಡರ್ (ಲೆನ್ಸಿನ ಮೂಲಕವಲ್ಲದೆ ಬೇರೆ ಕಿಂಡಿಯ ಮೂಲಕ ನೋಡಿ ದೂರ ಹೊಂದಿಸುವ) ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದ ನಂತರ 35 ಮಿ.ಮೀ. ಫಿಲ್ಮ್ ತನ್ನ ಅಂಚಿನ ಎಂಟು ರಂಧ್ರಗಳಷ್ಟು, ಅಂದರೆ 38 ಮಿ.ಮೀ. ಮುಂದೆ ಸರಿಯಬೇಕು, ಜೊತೆಗೇ ಬೆಳಕನ್ನು ಕ್ಷಣಕಾಲ ಒಳಬಿಡುವ ಷಟರಿನ ಸ್ಪ್ರಿಂಗ್ ಮತ್ತೆ ಬಿಗಿಗೊಳ್ಳಬೇಕು. ಜರ್ಮನಿಯ ಹಳೆಯ ಲೈಕಾ ಕ್ಯಾಮೆರಾಗಳಲ್ಲಿ ಮೇಲ್ಭಾಗದ ಗುಂಡಿಯನ್ನು ತಿರುಗಿಸಿದರೆ ಎರಡೂ ಆಗುತ್ತಿದ್ದವು. ಆದರೆ ಓಡುವ ಕುದುರೆಯನ್ನು ಹಿಂಬಾಲಿಸುತ್ತಿದ್ದ ಛಾಯಾಗ್ರಾಹಕನಿಗೆ ಅಷ್ಟು ಬಿಡುವು ಸಿಗುತ್ತಿರಲಿಲ್ಲ.

1938ರಲ್ಲಿ ಲೈಕಾಕ್ಕೆಂದು ಬಂದ 'ಮೂಲಿ' ಮೋಟಾರಿಗೆ ಬ್ಯಾಟರಿಯೇ ಬೇಕಿರಲಿಲ್ಲ. ಕ್ಯಾಮೆರಾದ ತಳದ ಮುಚ್ಚಳವನ್ನು ತೆಗೆದು ಆ ಜಾಗಕ್ಕೆ ಇದನ್ನು ಕೂರಿಸಿ, ಕೀಲಿ ಕೊಟ್ಟರೆ, ಒಳಗಿನ ಸುರುಳಿ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಸುಮಾರು 12 ಚಿತ್ರಗಳಿಗೆ ಫಿಲ್ಮ್ ಎಳೆಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಇದರ ಹೆಚ್ಚುಗಾರಿಕೆ ಇರುವುದು ವೇಗದಲ್ಲಲ್ಲ, ನಿಲ್ಲುವುದರಲ್ಲಿ. ಚೌಕಟ್ಟು ಪೂರ್ತಿ ಸರಿಯುವ ಮುನ್ನ ಷಟರ್ ತೆರೆದರೆ ಎರಡು ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ. ಫಿಲ್ಮ್ ಸುರುಳಿ ಮುಗಿದ ಮೇಲೂ ಎಳೆದರೆ ರಂಧ್ರಗಳೇ ಹರಿಯುತ್ತವೆ. ಅದರ ಮೇಲೆ, ಪೂರ್ತಿ ಬಿಗಿದ ಸ್ಪ್ರಿಂಗಿನ ಬಲ ಸಡಿಲಗೊಂಡಂತೆ ಕುಗ್ಗುವುದರಿಂದ, ಮೊದಲ ಚಿತ್ರಕ್ಕೂ ಹನ್ನೆರಡನೆಯದಕ್ಕೂ ಎಳೆತ ಒಂದೇ ಸಮನಾಗಿರುವುದಿಲ್ಲ. ಅಂಗೈಯಗಲದ ಪೆಟ್ಟಿಗೆಯೊಳಗಿನ ಹಲ್ಲುಚಕ್ರಗಳು ಇಷ್ಟನ್ನೂ ನಿಭಾಯಿಸಬೇಕಿತ್ತು.

ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿರುವಂತೆ ಪ್ರತಿ ಚಿತ್ರಕ್ಕೂ ಎತ್ತಿ ಇಳಿಸಬೇಕಾದ ಕನ್ನಡಿ ರೇಂಜ್‌ಫೈಂಡರಿನಲ್ಲಿ ಇಲ್ಲ ಎಂಬುದು ಇಲ್ಲಿ ದೊಡ್ಡ ಅನುಕೂಲ: ಮೋಟಾರಿಗೆ ಹೊರೆ ಕಡಿಮೆ, ಚಿತ್ರ ಸೆರೆಯಾಗುವ ಕ್ಷಣದಲ್ಲೂ ನೋಟ ಕಪ್ಪಾಗುವುದಿಲ್ಲ.

ಸೋವಿಯತ್ ಒಕ್ಕೂಟದ 'ಲೆನಿನ್‌ಗ್ರಾಡ್' ಕ್ಯಾಮೆರಾ ಸ್ಪ್ರಿಂಗ್ ಮೋಟಾರನ್ನು ತನ್ನೊಡಲಿನಲ್ಲೇ ಇಟ್ಟುಕೊಂಡಿತ್ತು. 10 ಮೀಟರ್ ಫಿಲ್ಮ್ ಹಿಡಿಯುವ, ಒಮ್ಮೆ ತುಂಬಿದರೆ 250 ಚಿತ್ರ ತೆಗೆಯಬಹುದಾದ ಲೈಕಾ 250ಕ್ಕೆ ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ ವಾಯುಪಡೆಗಾಗಿ ವಿದ್ಯುತ್ ಮೋಟಾರನ್ನೂ ಜೋಡಿಸಲಾಗಿತ್ತು.

ಸಾಮಾನ್ಯ ವೃತ್ತಿಪರರ ಕೈಗೆ ವಿದ್ಯುತ್ ಮೋಟಾರನ್ನು ತಂದುಕೊಟ್ಟದ್ದು ನಿಕಾನ್. 1957ರ ಎಸ್‌ಪಿ ಕ್ಯಾಮೆರಾಕ್ಕೆ ಹಿಂಬದಿಯ ಮುಚ್ಚಳದ ಬದಲು ಎಸ್36 ಎಂಬ ಮೋಟಾರನ್ನು ಸೇರಿಸಿದರೆ ಸೆಕೆಂಡಿಗೆ ಸುಮಾರು 3 ಚಿತ್ರಗಳು ಸಾಧ್ಯವಾಗುತ್ತಿದ್ದವು. ಬ್ಯಾಟರಿಗಳು ಮಾತ್ರ ತಂತಿಯಿಂದ ಜೋಡಿಸಿದ ಬೇರೆ ಪೆಟ್ಟಿಗೆಯಲ್ಲಿದ್ದವು. ಆದರೆ ವೇಗಕ್ಕೂ ಬೆಲೆ ತೆರಬೇಕಾಗುತ್ತದೆ. ಒಣ ಚಳಿಯಲ್ಲಿ ಫಿಲ್ಮನ್ನು ರಭಸದಿಂದ ಎಳೆದಾಗ ಉಜ್ಜಿಕೆಯಿಂದ ಸ್ಥಿರ ವಿದ್ಯುತ್ ಸಂಗ್ರಹವಾಗಿ ಕಿಡಿ ಹಾರುತ್ತದೆ. ತೊಳೆದ ನೆಗೆಟಿವ್ ಮೇಲೆ ಅದು ಕವಲೊಡೆದ ಮಿಂಚಿನಂತಹ ಗೆರೆಯಾಗಿ ಕಾಣಿಸುತ್ತದೆ.

ಇಂತಹ ಹಳೆಯ ಸ್ಪ್ರಿಂಗ್ ಮೋಟಾರು ಸಿಕ್ಕವರು ಮೊದಲು ನೋಡಬೇಕಾದದ್ದು ಗ್ರೀಸನ್ನು. ದಶಕಗಳಲ್ಲಿ ಅದು ಗಟ್ಟಿಯಾಗಿ ಚಕ್ರಗಳನ್ನು ಹಿಡಿದುಬಿಟ್ಟಿರಬಹುದಾದ್ದರಿಂದ, ಬಿಚ್ಚಿ ಸ್ವಚ್ಛಗೊಳಿಸುವ ತನಕ ಪೂರ್ತಿ ಕೀಲಿ ಕೊಡದಿರುವುದು ಕ್ಷೇಮ.