ಜನಾಂಗೀಯ ಸಂಯೋಜನೆ: ಮಿಷಿಗನ್ ನಗರಗಳ ಲೆಕ್ಕವನ್ನು ಓದುವ ಬಗೆ

ಅಮೆರಿಕದ ಯಾವ ಊರಿನ ಪರಿಚಯವನ್ನು ಓದಿದರೂ ಜನಸಂಖ್ಯೆಯ ಬೆನ್ನಿಗೇ ಒಂದು ಸಾಲು ಬರುತ್ತದೆ: ಬಿಳಿಯರು ಶೇಕಡಾ ಇಷ್ಟು, ಕಪ್ಪುವರ್ಣೀಯರು ಇಷ್ಟು, ಏಷ್ಯನ್ನರು ಇಷ್ಟು. ಇದೇ ಆ ಊರಿನ ಜನಾಂಗೀಯ ಸಂಯೋಜನೆ. ನಮ್ಮ ಜನಗಣತಿ ಧರ್ಮವನ್ನು, ಮಾತೃಭಾಷೆಯನ್ನು, ಪರಿಶಿಷ್ಟ ಜಾತಿ ಮತ್ತು ಪಂಗಡವನ್ನು ಕೇಳುತ್ತದೆ, ಜನಾಂಗವನ್ನು ಕೇಳುವುದಿಲ್ಲ. ಅಮೆರಿಕದ್ದು ಇದಕ್ಕೆ ತದ್ವಿರುದ್ಧ. ಅಲ್ಲಿನ ಗಣತಿ ಧರ್ಮದ ಸುದ್ದಿಗೇ ಹೋಗುವುದಿಲ್ಲ, ಜನಾಂಗವನ್ನು ಮಾತ್ರ 1790ರ ಮೊದಲ ಎಣಿಕೆಯಿಂದಲೂ ಬಿಟ್ಟಿಲ್ಲ. ಆಗ ಬಿಳಿಯರನ್ನು ಬೇರೆ, ಗುಲಾಮರನ್ನು ಬೇರೆ ಎಣಿಸಬೇಕಾಗಿತ್ತು. ಸಂಸತ್ತಿನ ಸ್ಥಾನಗಳನ್ನು ಹಂಚುವಾಗ ಒಬ್ಬ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯನೆಂದು ಲೆಕ್ಕ ಹಿಡಿಯುತ್ತಿದ್ದರು.

ಈ ಶೇಕಡಾವಾರು ಸಾಲು ಮಳೆಯ ಪ್ರಮಾಣದಂತೆ ತಾನಾಗಿ ಸಿಗುವ ಅಂಕಿಯಲ್ಲ. ಊರಿನ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಯಾರೋ ನಿರ್ಧರಿಸಿರುತ್ತಾರೆ. ಯಾರು ಯಾವ ಕಾಲಂಗೆ ಸೇರಬೇಕು ಎಂಬುದನ್ನು ಇನ್ಯಾರೋ ನಿರ್ಧರಿಸಿರುತ್ತಾರೆ. ಈ ಎರಡೂ ಎದ್ದು ಕಾಣುವ ರಾಜ್ಯ ಮಿಷಿಗನ್.

2020ರ ಗಣತಿಯ ಪ್ರಕಾರ ಮಿಷಿಗನ್ ಜನಸಂಖ್ಯೆ ಒಂದು ಕೋಟಿಗೆ ತುಸು ಮೇಲೆ. ಬಿಳಿಯರು ಸುಮಾರು ಶೇ. 74, ಕಪ್ಪುವರ್ಣೀಯರು ಶೇ. 14ರ ಹತ್ತಿರ, ಏಷ್ಯನ್ನರು ಶೇ. 3ಕ್ಕಿಂತ ಸ್ವಲ್ಪ ಹೆಚ್ಚು. ಈ ಸರಾಸರಿಯನ್ನು ಹಿಡಿದುಕೊಂಡು ಡೆಟ್ರಾಯಿಟ್ ಸುತ್ತಮುತ್ತ ಹುಡುಕಿದರೆ ಅದಕ್ಕೆ ಹೊಂದುವ ಊರು ಸಿಗುವುದೇ ಕಷ್ಟ. ಡೆಟ್ರಾಯಿಟ್ ನಗರದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಕಪ್ಪುವರ್ಣೀಯರು. ಅಲ್ಲಿಂದ ಪಶ್ಚಿಮಕ್ಕಿರುವ ಲಿವೋನಿಯಾದಲ್ಲಿ 2000ನೇ ಇಸವಿಯಲ್ಲಿ ಶೇ. 95ರಷ್ಟು ಬಿಳಿಯರಿದ್ದರು, ಒಂದು ಲಕ್ಷ ದಾಟಿದ ಅಮೆರಿಕದ ನಗರಗಳಲ್ಲಿ ಅಷ್ಟು ಬಿಳಿಯ ಊರು ಇನ್ನೊಂದಿರಲಿಲ್ಲ. ಉತ್ತರಕ್ಕಿರುವ ಸೌತ್‌ಫೀಲ್ಡ್‌ನಲ್ಲಿ ಕಪ್ಪುವರ್ಣೀಯರೇ ಬಹುಸಂಖ್ಯಾತರು. ಇನ್ನೂ ಮೇಲಕ್ಕೆ ಹೋದರೆ ಸಿಗುವ ಟ್ರಾಯ್ ನಗರದಲ್ಲಿ ಕಾಲು ಭಾಗದಷ್ಟು ಜನ ಏಷ್ಯನ್ನರು. ಒಂದೇ ದಿನದಲ್ಲಿ ಕಾರಿನಲ್ಲಿ ಸುತ್ತಿ ಬರಬಹುದಾದ ಊರುಗಳಿವು.

ಡೆಟ್ರಾಯಿಟ್‌ನ ಉತ್ತರದ ಎಲ್ಲೆ ಒಂದು ರಸ್ತೆ. ಅದರ ಹೆಸರು ಎಯ್ಟ್ ಮೈಲ್. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಾರು ಕಾರ್ಖಾನೆಗಳ ಕೂಲಿಯನ್ನು ನಂಬಿ ದಕ್ಷಿಣದ ರಾಜ್ಯಗಳಿಂದ ಲಕ್ಷಾಂತರ ಕಪ್ಪುವರ್ಣೀಯರು ಈ ನಗರಕ್ಕೆ ಬಂದರು. ಕೆಲಸವೇನೋ ಸಿಕ್ಕಿತು, ಮನೆ ಸಿಗಲಿಲ್ಲ. 'ಈ ನಿವೇಶನವನ್ನು ಬಿಳಿಯರಲ್ಲದವರಿಗೆ ಮಾರಕೂಡದು' ಎಂಬ ಷರತ್ತನ್ನು ಕ್ರಯಪತ್ರದಲ್ಲೇ ಬರೆದಿರುತ್ತಿದ್ದರು. ಅಂಥ ಷರತ್ತುಗಳನ್ನು ಕೋರ್ಟುಗಳು ಜಾರಿಗೊಳಿಸಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಆಗ ಒಟ್ಟಿಗೆ ತೀರ್ಮಾನವಾದ ಪ್ರಕರಣಗಳಲ್ಲಿ ಒಂದು ಡೆಟ್ರಾಯಿಟ್‌ನದೇ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಸಾಲ ಸಂಸ್ಥೆಗಳು ನಗರದ ನಕಾಶೆಯಲ್ಲಿ ಕಪ್ಪುವರ್ಣೀಯರ ಕೇರಿಗಳಿಗೆ ಕೆಂಪು ಬಣ್ಣ ಬಳಿದು, ಅಲ್ಲಿ ಸಾಲ ಕೊಡುವುದು ಅಪಾಯ ಎಂದು ಗುರುತು ಮಾಡಿದವು. 1941ರಲ್ಲಿ ಎಯ್ಟ್ ಮೈಲ್ ರಸ್ತೆಯ ಬಳಿ ಬಿಳಿಯರಿಗೆಂದು ಮನೆ ಕಟ್ಟಲು ಹೊರಟ ಒಬ್ಬ ಬಿಲ್ಡರ್‌ಗೂ ಸಾಲದ ಖಾತರಿ ಸಿಗಲಿಲ್ಲ, ಪಕ್ಕದಲ್ಲೇ ಕಪ್ಪು ಕುಟುಂಬಗಳಿದ್ದವು ಎಂಬ ಕಾರಣಕ್ಕೆ. ಆತ ಎರಡರ ನಡುವೆ ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಖಾತರಿ ಸಿಕ್ಕಿತು. ಆ ಗೋಡೆ ಈಗಲೂ ಇದೆ. ಅದರ ಮೇಲೆ ಈಗ ಬಣ್ಣದ ಚಿತ್ರಗಳಿವೆ.

ಪೂರ್ವದ ಅಂಚಿನಲ್ಲಿರುವ ಸಿರಿವಂತರ ಊರು ಗ್ರೋಸ್ ಪಾಯಿಂಟ್‌ನಲ್ಲಿ ಗೋಡೆ ಬೇಕಾಗಿರಲಿಲ್ಲ, ಅಂಕಪಟ್ಟಿ ಸಾಕಾಗಿತ್ತು. ಮನೆ ಕೊಳ್ಳಲು ಬಂದವರಿಗೆ ಅಲ್ಲಿನ ದಲ್ಲಾಳಿಗಳೂ ಮನೆ ಮಾಲೀಕರ ಸಂಘವೂ ಸೇರಿ ಗುಟ್ಟಾಗಿ ಅಂಕ ಹಾಕುತ್ತಿದ್ದರು. ಮೈಬಣ್ಣ, ಉಚ್ಚಾರಣೆ, ಉಡುಪು ಎಲ್ಲಕ್ಕೂ ಅಂಕ. ಸಾಮಾನ್ಯರಿಗೆ 50 ಬಂದರೆ ಪಾಸು, ಪೋಲಿಷ್ ಮೂಲದವರಿಗೆ 55, ಯಹೂದಿಗಳಿಗೆ 85. ಕಪ್ಪುವರ್ಣೀಯರಿಗೂ ಏಷ್ಯನ್ನರಿಗೂ ಪರೀಕ್ಷೆಗೆ ಕೂರುವ ಅರ್ಹತೆಯೇ ಇರಲಿಲ್ಲ. ಇದು ಬಯಲಾದದ್ದು 1960ರಲ್ಲಿ. ಜನಾಂಗೀಯ ಸಂಯೋಜನೆಯ ಅಂಕಿಗಳನ್ನು 'ಆಯಾ ಜನ ತಮ್ಮವರ ಜೊತೆ ಇರಲು ಇಷ್ಟಪಡುತ್ತಾರೆ' ಎಂದು ವಿವರಿಸುವವರು ಈ ಅಂಕಪಟ್ಟಿಯನ್ನು ಒಮ್ಮೆ ನೋಡಬೇಕು.

1967ರ ಜುಲೈನಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಜನಾಂಗೀಯ ಗಲಭೆಯಲ್ಲಿ 43 ಮಂದಿ ಸತ್ತರು. ಬಿಳಿಯರು ನಗರ ಬಿಟ್ಟದ್ದು ಅದರಿಂದ ಎಂದು ಹೇಳುವುದು ರೂಢಿ. ಗಣತಿ ಬೇರೆ ಕಥೆ ಹೇಳುತ್ತದೆ. 1950ರಿಂದ 1960ರೊಳಗೇ ಡೆಟ್ರಾಯಿಟ್ ಮೂರೂವರೆ ಲಕ್ಷಕ್ಕೂ ಹೆಚ್ಚು ಬಿಳಿಯರನ್ನು ಕಳೆದುಕೊಂಡಿತ್ತು. ಕಾರ್ಖಾನೆಗಳು ಹೊರವಲಯಕ್ಕೆ ಹೋದವು, ಹೆದ್ದಾರಿಗಳು ಬಂದವು, ಹೊಸ ಬಡಾವಣೆಗಳಲ್ಲಿ ಮನೆ ಸಾಲ ಬಿಳಿಯರಿಗೆ ಸಲೀಸಾಗಿ ಸಿಕ್ಕಿತು. ಗಲಭೆ ಆ ಓಟಕ್ಕೆ ವೇಗ ಕೊಟ್ಟಿತು, ಓಟವನ್ನು ಶುರು ಮಾಡಲಿಲ್ಲ. 1950ರಲ್ಲಿ 18.5 ಲಕ್ಷ ಜನರಿದ್ದ ನಗರದಲ್ಲಿ ಕಪ್ಪುವರ್ಣೀಯರ ಪಾಲು ಶೇ. 16. 2010ರಲ್ಲಿ ಜನ 7.14 ಲಕ್ಷ, ಕಪ್ಪುವರ್ಣೀಯರ ಪಾಲು ಶೇ. 83ರ ಹತ್ತಿರ.

ಶೇಕಡಾವಾರು ಲೆಕ್ಕ ಕಣ್ಣು ತಪ್ಪಿಸುವುದು ಇಲ್ಲೇ. 2000ದಿಂದ 2010ರವರೆಗೆ ಕಪ್ಪುವರ್ಣೀಯರ ಪಾಲು ಶೇ. 81.6ರಿಂದ ಶೇ. 82.7ಕ್ಕೆ ಏರಿತು. ಅಂಕಿಯನ್ನಷ್ಟೇ ಓದಿದವರು ಅವರ ಸಂಖ್ಯೆ ಹೆಚ್ಚಿತು ಎಂದುಕೊಳ್ಳುತ್ತಾರೆ. ನಿಜದಲ್ಲಿ ಆ ಹತ್ತು ವರ್ಷಗಳಲ್ಲಿ ಸುಮಾರು 1.85 ಲಕ್ಷ ಕಪ್ಪುವರ್ಣೀಯರು ಕಡಿಮೆಯಾಗಿದ್ದರು. ಶಾಲೆ, ಸುರಕ್ಷತೆ, ಕೆಲಸ ಅರಸಿ ಎಯ್ಟ್ ಮೈಲ್ ದಾಟಿದವರಲ್ಲಿ ಈ ಸಲ ಮಧ್ಯಮ ವರ್ಗದ ಕಪ್ಪು ಕುಟುಂಬಗಳೇ ಬಹಳ. ಕಪ್ಪುವರ್ಣೀಯರಲ್ಲದವರು ಅವರಿಗಿಂತ ವೇಗವಾಗಿ ಕರಗಿದ್ದರಿಂದ ಪಾಲು ಮಾತ್ರ ಏರಿತು. ಪಾಲನ್ನು ಓದುವಾಗ ಕೆಳಗಿನ ಒಟ್ಟು ಸಂಖ್ಯೆಯನ್ನೂ ಓದದಿದ್ದರೆ ಅರ್ಥವೇ ತಲೆಕೆಳಗಾಗುತ್ತದೆ.

ಇನ್ನು ಎಲ್ಲೆಯ ವಿಷಯ. 1926ರ ನಂತರ ಡೆಟ್ರಾಯಿಟ್ ತನ್ನ ಸುತ್ತಲಿನ ನೆಲವನ್ನು ಸೇರಿಸಿಕೊಳ್ಳಲಿಲ್ಲ; ಹೊರವಲಯದ ಒಂದೊಂದು ತುಂಡೂ ತಾನೇ ನಗರವೆಂದು ನೋಂದಾಯಿಸಿಕೊಂಡಿತು, ತನ್ನದೇ ತೆರಿಗೆ, ತನ್ನದೇ ಪೊಲೀಸ್ ಮಾಡಿಕೊಂಡಿತು. ನಮ್ಮಲ್ಲಿ ಬೆಂಗಳೂರು ಬೆಳೆದ ಹಾಗೆ ಹಳ್ಳಿಗಳನ್ನು ನುಂಗುತ್ತಾ ಅದೂ ಬೆಳೆದಿದ್ದರೆ ಇದೇ ಜನ, ಇದೇ ಮನೆಗಳು ಇದ್ದರೂ ಡೆಟ್ರಾಯಿಟ್ ನಗರದ ಸಾಲಿನಲ್ಲಿ ಬಿಳಿಯರೇ ಬಹುಸಂಖ್ಯಾತರಾಗಿರುತ್ತಿದ್ದರು. ಈ ಎಲ್ಲೆಗಳಿಗೆ 1974ರಲ್ಲಿ ಕಾನೂನಿನ ಮುದ್ರೆಯೂ ಬಿತ್ತು. ಡೆಟ್ರಾಯಿಟ್ ಮತ್ತು ಸುತ್ತಲಿನ 53 ಶಾಲಾ ಜಿಲ್ಲೆಗಳ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ಬೆರೆಸಬೇಕೆಂಬ ಕೆಳ ನ್ಯಾಯಾಲಯದ ಆದೇಶವನ್ನು, ಮಿಲಿಕನ್ ವಿರುದ್ಧ ಬ್ರ್ಯಾಡ್ಲಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 5–4ರಿಂದ ತಳ್ಳಿಹಾಕಿತು. ಎಲ್ಲೆ ದಾಟಿ ಮನೆ ಮಾಡಿದರೆ ಮಗುವನ್ನು ಬಸ್ಸಿನಲ್ಲಿ ಡೆಟ್ರಾಯಿಟ್‌ನ ಶಾಲೆಗೆ ಕಳುಹಿಸಬೇಕಾಗುವುದಿಲ್ಲ ಎಂಬ ಖಾತರಿ ಬಿಳಿಯ ಪೋಷಕರಿಗೆ ಸಿಕ್ಕಂತಾಯಿತು. ಎಲ್ಲೆಗಳ ವಿಚಿತ್ರವನ್ನು ಹೇಳುವಾಗ ಇನ್ನೊಂದನ್ನು ಬಿಡಬಾರದು: 2013ರಲ್ಲಿ ಐದರಲ್ಲಿ ನಾಲ್ಕು ಪಾಲು ಕಪ್ಪುವರ್ಣೀಯರಿದ್ದ ಈ ನಗರ ನಾಲ್ಕು ದಶಕಗಳ ನಂತರ ಬಿಳಿಯ ಮೇಯರ್‌ನನ್ನು ಆರಿಸಿತು. ಆತ ಮೈಕ್ ಡಗನ್, ಸ್ವಲ್ಪ ಮುಂಚೆಯಷ್ಟೇ ಮನೆ ಬದಲಿಸಿ ಬಂದವರು. ಎಲ್ಲಿಂದ? ಲಿವೋನಿಯಾದಿಂದ.

ಎಷ್ಟು ಜನ ಇದ್ದಾರೆ ಎಂಬುದು ಒಂದು ಪ್ರಶ್ನೆ, ಎಷ್ಟು ಬೆರೆತಿದ್ದಾರೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಸಮಾಜಶಾಸ್ತ್ರಜ್ಞರು 1955ರಿಂದ ಬಳಸುತ್ತಾ ಬಂದಿರುವ ಒಂದು ಅಳತೆಯಿದೆ. ಕನ್ನಡದಲ್ಲಿ ಪ್ರತ್ಯೇಕತಾ ಸೂಚ್ಯಂಕ ಎನ್ನಬಹುದು. ಪ್ರತಿ ಬಡಾವಣೆಯಲ್ಲೂ ಇಡೀ ಪ್ರದೇಶದ ಅನುಪಾತವೇ ಕಾಣಬೇಕಾದರೆ ಒಂದು ಗುಂಪಿನ ಶೇಕಡಾ ಎಷ್ಟು ಜನ ಮನೆ ಬದಲಿಸಬೇಕು ಎಂಬುದನ್ನು ಅದು ಹೇಳುತ್ತದೆ. ಸೊನ್ನೆ ಎಂದರೆ ಪೂರ್ತಿ ಬೆರೆತಿದ್ದಾರೆ, 100 ಎಂದರೆ ಪೂರ್ತಿ ಬೇರೆ ಬೇರೆ. 1990ರಲ್ಲಿ ಡೆಟ್ರಾಯಿಟ್ ಮಹಾನಗರ ಪ್ರದೇಶಕ್ಕೆ ಇದು 85ನ್ನೂ ಮೀರಿತ್ತು. ಆಮೇಲೆ ಇಳಿದಿದೆ, ಆದರೂ ದೇಶದ ದೊಡ್ಡ ನಗರ ಪ್ರದೇಶಗಳಲ್ಲಿ ಡೆಟ್ರಾಯಿಟ್ ಪಟ್ಟಿಯ ಮೇಲ್ತುದಿಯಲ್ಲೇ ಇದೆ. ವೈವಿಧ್ಯವಿದೆ ಎಂದ ಮಾತ್ರಕ್ಕೆ ನೆರೆಹೊರೆಯಿದೆ ಎಂದಲ್ಲ.

ಹ್ಯಾಮ್‌ಟ್ರ್ಯಾಮಿಕ್ ಎಂಬ ಪುಟ್ಟ ನಗರವಂತೂ ಹೆಚ್ಚುಕಡಿಮೆ ಡೆಟ್ರಾಯಿಟ್‌ನ ಹೊಟ್ಟೆಯೊಳಗೇ ಇದೆ. ಡಾಡ್ಜ್ ಕಾರು ಕಾರ್ಖಾನೆಯ ಕಾಲದಲ್ಲಿ ಪೋಲಿಷ್ ವಲಸೆಗಾರರ ಊರಾಗಿದ್ದ ಅದು ಈಗ ಯೆಮೆನಿಗಳ ಮತ್ತು ಬಾಂಗ್ಲಾದೇಶಿಗಳ ಊರು. 2021ರ ಚುನಾವಣೆಯ ನಂತರ ಇಡೀ ನಗರ ಸಭೆಯಲ್ಲಿ ಮುಸ್ಲಿಮರೇ ಇದ್ದರು. ಆದರೆ ಗಣತಿಯ ಕೋಷ್ಟಕದಲ್ಲಿ ಇದರ ಸುಳಿವೇ ಸಿಗುವುದಿಲ್ಲ. ಬಾಂಗ್ಲಾದೇಶಿಯರು ಏಷ್ಯನ್ ಕಾಲಂನಲ್ಲಿದ್ದಾರೆ, ಪಕ್ಕದ ಮನೆಯ ಯೆಮೆನಿಗಳು ಬಿಳಿಯರ ಕಾಲಂನಲ್ಲಿ, ಹಳೆಯ ಪೋಲಿಷ್ ಅಜ್ಜಿಯರ ಜೊತೆಗೆ.

ಅರಬರು ಬಿಳಿಯರಾದದ್ದು ಹೇಗೆ ಎಂಬುದು ಕೋರ್ಟಿನ ಕಥೆ. ವಲಸೆ ಬಂದವರಲ್ಲಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ ಎಂಬ ಕಾನೂನು ಇದ್ದ ಕಾಲ. 1915ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಸಿರಿಯನ್ನರು ಬಿಳಿಯರು ಎಂದಿತು. 1942ರಲ್ಲಿ ಡೆಟ್ರಾಯಿಟ್‌ನ ಫೆಡರಲ್ ನ್ಯಾಯಾಧೀಶರು ಯೆಮೆನ್‌ನ ಅಹ್ಮದ್ ಹಸನ್ ಎಂಬವರ ಅರ್ಜಿಯನ್ನು, ಅರಬರು ಬಿಳಿಯರಲ್ಲವೆಂದು ತಿರಸ್ಕರಿಸಿದರು. ಎರಡೇ ವರ್ಷದಲ್ಲಿ ಮ್ಯಾಸಚೂಸೆಟ್ಸ್‌ನ ಇನ್ನೊಬ್ಬ ನ್ಯಾಯಾಧೀಶರು ಬಿಳಿಯರೇ ಎಂದರು. ಭಾರತೀಯರ ಪಾಡೂ ಇದಕ್ಕಿಂತ ಬೇರೆಯಲ್ಲ. ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂದ್ ಬಿಳಿಯರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಮ್ಮವರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. 1920ರಿಂದ 1940ರವರೆಗಿನ ಗಣತಿಗಳು ಭಾರತೀಯರನ್ನೆಲ್ಲ, ಸಿಖ್ಖರಿರಲಿ ಮುಸ್ಲಿಮರಿರಲಿ, 'ಹಿಂದೂ' ಎಂಬ ಜನಾಂಗವೆಂದು ಬರೆದುಕೊಂಡವು. 1970ರಲ್ಲಿ ಅದೇ ಭಾರತೀಯರು ಬಿಳಿಯರ ಲೆಕ್ಕಕ್ಕೆ ಸೇರಿದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಎಂಬ ಪ್ರತ್ಯೇಕ ಗುರುತು ಬಂತು. ಟ್ರಾಯ್, ನೋವೈ ಕಡೆ ಕಾರು ಕಂಪನಿಗಳ ಎಂಜಿನಿಯರುಗಳಾಗಿ ನೆಲೆಸಿ, ಪಂಪ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಸೇರುವ ಕನ್ನಡಿಗರು ಇಂದು ಗುರುತು ಹಾಕುವುದು ಆ ಚೌಕಕ್ಕೇ. ಅವರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಎಂಬುದು ಹತ್ತು ವರ್ಷದ ಗಣತಿಗೆ ಗೊತ್ತಾಗುವುದೇ ಇಲ್ಲ. ಅದನ್ನು ಕೇಳುವುದು ಪ್ರತಿ ವರ್ಷ ಆಯ್ದ ಮನೆಗಳಲ್ಲಿ ನಡೆಸುವ ಬೇರೊಂದು ಸಮೀಕ್ಷೆ.

ಈ ಎರಡೂ ಗೆರೆಗಳು, ಊರಿನ ಎಲ್ಲೆ ಮತ್ತು ಕಾಲಂನ ಎಲ್ಲೆ, ಒಂದನ್ನೊಂದು ಕತ್ತರಿಸುವುದು ಡಿಯರ್‌ಬಾರ್ನ್‌ನಲ್ಲಿ. ಫೋರ್ಡ್ ಕಂಪನಿಯ ಮುಖ್ಯ ಕಚೇರಿ ಇರುವ ಊರು. 1942ರಿಂದ 1978ರವರೆಗೆ ಅಲ್ಲಿ ಮೇಯರ್ ಆಗಿದ್ದ ಆರ್ವಿಲ್ ಹಬ್ಬರ್ಡ್ ಕಪ್ಪುವರ್ಣೀಯರನ್ನು ಊರಿನೊಳಗೆ ಬಿಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳುತ್ತಿದ್ದ. ಆತನ ಆಳ್ವಿಕೆಯ ಉದ್ದಕ್ಕೂ ಫೋರ್ಡ್‌ನ ರೂಜ್ ಕಾರ್ಖಾನೆಗೆ ಡೆಟ್ರಾಯಿಟ್‌ನಿಂದ ಸಾವಿರಾರು ಕಪ್ಪು ಕಾರ್ಮಿಕರು ದಿನವೂ ಬಂದು ಹೋಗುತ್ತಿದ್ದರು. ಆ ಊರಿನಲ್ಲಿ ಮನೆ ಮಾಡಿದವರು ಬೆರಳೆಣಿಕೆಯಷ್ಟು. ಅದೇ ಕಾರ್ಖಾನೆಯ ಮಗ್ಗುಲಲ್ಲಿ ಲೆಬನಾನ್, ಯೆಮೆನ್, ಆಮೇಲೆ ಇರಾಕ್‌ನಿಂದ ಬಂದವರ ಬಡಾವಣೆಗಳು ಬೆಳೆದವು. 2010ರ ಗಣತಿಯಲ್ಲಿ ಡಿಯರ್‌ಬಾರ್ನ್‌ನಲ್ಲಿ ಶೇ. 89 ಬಿಳಿಯರು. ಅಂಕಿಯನ್ನು ನೋಡಿದ್ದರೆ ಹಬ್ಬರ್ಡ್ ತನ್ನ ಕೆಲಸ ಪೂರೈಸಿತೆಂದು ಹಿಗ್ಗುತ್ತಿದ್ದನೇನೋ.

2020ರಲ್ಲಿ ಬಿಳಿಯರ ಚೌಕದ ಕೆಳಗೆ ಮೂಲವನ್ನು ಬರೆಯಲು ಗಣತಿ ಇಲಾಖೆ ಜಾಗ ಕೊಟ್ಟಿತು. ಅದರ ವಿವರಗಳು 2023ರಲ್ಲಿ ಹೊರಬಂದಾಗ ಡಿಯರ್‌ಬಾರ್ನ್‌ನ 1.1 ಲಕ್ಷ ಜನರಲ್ಲಿ ಶೇ. 54.5 ಮಂದಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಮೂಲದವರು ಎಂದು ತಿಳಿಯಿತು. ಅಷ್ಟರಲ್ಲಿ ಹಬ್ಬರ್ಡ್ ಕೂರುತ್ತಿದ್ದ ಮೇಯರ್ ಕುರ್ಚಿಗೆ ಅಬ್ದುಲ್ಲಾ ಹಮೂದ್ ಬಂದು ವರ್ಷ ದಾಟಿತ್ತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಈ ಮೂಲದವರಿಗೆ ಪ್ರತ್ಯೇಕ ಕಾಲಂ ಕೊಡುವ ನಿರ್ಧಾರವನ್ನು ಪ್ರಕಟಿಸಿತು. ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು, ಎಂಬುದನ್ನೂ ಬೇರೆ ಪ್ರಶ್ನೆಯಾಗಿ ಕೇಳದೆ ಜನಾಂಗದ ಪಟ್ಟಿಯೊಳಗೇ ಸೇರಿಸಬೇಕೆಂದಿತು. ಆ ನಿರ್ಧಾರ ಉಳಿದು 2030ರ ನಮೂನೆಯಲ್ಲಿ ಅಚ್ಚಾದರೆ ಡಿಯರ್‌ಬಾರ್ನ್‌ನ ಬಿಳಿಯರ ಪಾಲು ಅರ್ಧಕ್ಕಿಂತ ಕೆಳಗೆ ಬೀಳುತ್ತದೆ, ಒಂದು ಕುಟುಂಬವೂ ಮನೆ ಖಾಲಿ ಮಾಡದೆ. ಹತ್ತು ವರ್ಷಗಳಲ್ಲಿ ಅಲ್ಲಿಂದ ಬಿಳಿಯರು ಸಾಮೂಹಿಕವಾಗಿ ಓಡಿಹೋದರು ಎಂಬ ತಲೆಬರಹ ಆಗ ಎಲ್ಲಾದರೂ ಕಂಡರೆ, ಬರೆದವರು ಎರಡು ಗಣತಿಗಳ ನಮೂನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿಲ್ಲ ಎಂದು ತಿಳಿಯಬಹುದು.